ಗಾಳದ ನೊಣಕ್ಕೆ ಅಗ್ಗದ ಹೊಳಪು

ಅಮೆರಿಕದ ನ್ಯೂಜೆರ್ಸಿ ಕಡಲತೀರಕ್ಕೆ ಬರುವ ಮೀನುಗಳಲ್ಲಿ ಬ್ಲೂಫಿಶ್ ಎಂಬುದೊಂದಿದೆ. ಹೆಸರು ಸಾಧುವಾಗಿದ್ದರೂ ಅದರ ಹಲ್ಲು ಮಾತ್ರ ಗರಗಸ. ಜಿಂಕೆಬಾಲದ ಕೂದಲನ್ನು ಗಾಳಕ್ಕೆ ಸುತ್ತಿ, ಅರ್ಧ ಗಂಟೆ ಕುಳಿತು, ಪುಟ್ಟ ಮೀನಿನ ಹಾಗೆ ಕಾಣುವಂತೆ ಕಟ್ಟಿದ್ದನ್ನು ಅದು ಒಂದೆರಡು ಸಲ ಕಚ್ಚಿತೆಂದರೆ ಮುಗಿಯಿತು, ಉಳಿಯುವುದು ಬರೀ ಗಾಳ ಮತ್ತು ನಾಲ್ಕು ಕೂದಲು. ಅದೇ ತೀರದಲ್ಲಿ ಹೋಟೆಲು ನಡೆಸುತ್ತಿದ್ದ ಬಾಬ್ ಪಾಪೊವಿಕ್ಸ್ ಎಂಬ ಗಾಳಗಾರನಿಗೆ ಇದು ಬೇಸರ ತರಿಸಿತು. 1970-80ರ ದಶಕಗಳಲ್ಲಿ ಆತ ಕೂದಲಿನ ಮುಂಭಾಗಕ್ಕೆ ಎಪಾಕ್ಸಿ ಅಂಟನ್ನು ಸವರಿ, ಅದು ಗಾಜಿನಂತೆ ಗಟ್ಟಿಯಾಗುವವರೆಗೆ ತಿರುಗಿಸುತ್ತಾ ಕುಳಿತ. ಒಳಗಿನ ಕೂದಲು ಕಾಣುವ, ಹೊಳೆಯುವ, ಹಲ್ಲಿಗೆ ಜಗ್ಗದ ಮರಿಮೀನು ಸಿದ್ಧವಾಯಿತು. ಅದಕ್ಕೆ ಆತ ಇಟ್ಟ ಹೆಸರು 'ಸರ್ಫ್ ಕ್ಯಾಂಡಿ', ಅಂದರೆ ಅಲೆಯ ಮಿಠಾಯಿ. ಗಾಳಗಾರರ ಮೇಜಿನ ಮೇಲೆ ಎಪಾಕ್ಸಿಗೆ ಖಾಯಂ ಜಾಗ ಸಿಗುವಲ್ಲಿ ಈ ಮಿಠಾಯಿಯ ಪಾಲು ದೊಡ್ಡದು.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಎರೆಹುಳು ಸಿಕ್ಕಿಸುವ ಬದಲು, ದಾರ, ಗರಿ, ಕೂದಲು, ತಂತಿಗಳನ್ನು ಗಾಳದ ಮೇಲೆ ಸುತ್ತಿ ಹುಳುವಿನ ಅಥವಾ ಮರಿಮೀನಿನ ರೂಪ ಕೊಡುವ ಕಸುಬು ಇದು. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೈ ಎನ್ನುತ್ತಾರೆ. ಹೆಸರಿಗೆ ನೊಣವಾದರೂ ಏಡಿ, ಸೀಗಡಿ, ಮೀನು ಎಲ್ಲವೂ ಅದರಲ್ಲಿ ಸೇರುತ್ತವೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಇದು ಅಜ್ಜ ಮೊಮ್ಮಕ್ಕಳಿಗೆ ಕಲಿಸುವ ಕೈಕೆಲಸ. ಅಮೆರಿಕದ ಸ್ಕೌಟ್ ಮಕ್ಕಳು ಫ್ಲೈ ಫಿಶಿಂಗ್ ಬ್ಯಾಡ್ಜ್ ಪಡೆಯಬೇಕಾದರೆ ಕೈಯಾರೆ ಫ್ಲೈ ಕಟ್ಟಿ ತೋರಿಸಬೇಕು. ಹಾಗಾಗಿ ನ್ಯೂಜೆರ್ಸಿಯಂಥ ಕಡೆ ನೆಲೆಸಿದ ಕನ್ನಡದ ಮನೆಗಳಿಗೂ ಈ ಸಾಮಾನಿನ ಪಟ್ಟಿ ಒಂದು ದಿನ ಬಂದೀತು. ನಮಗೂ ಇದು ತೀರ ಹೊರಗಿನ ಸಂಗತಿಯಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ.

ಗಾಳ, ದಾರ, ಒಂದಿಷ್ಟು ಗರಿ, ಗಾಳವನ್ನು ಹಿಡಿದುಕೊಳ್ಳುವ ಪುಟ್ಟ ವೈಸು - ಇಷ್ಟಕ್ಕೆ ತಂದೆತಾಯಿ ಹೇಗೋ ಒಪ್ಪುತ್ತಾರೆ. ತಕರಾರು ಶುರುವಾಗುವುದು ಅಂಟಿನ ಬಾಟಲಿಯ ಹತ್ತಿರ. ಗಾಳದ ಅಂಗಡಿಯಲ್ಲಿ ಅರ್ಧ ಔನ್ಸ್, ಎಂದರೆ ಹದಿನೈದು ಮಿಲಿಲೀಟರ್ ಹಿಡಿಸುವ ಬಾಟಲಿಗೆ ಹತ್ತು ಡಾಲರ್ ದಾಟುವುದು ಸಾಮಾನ್ಯ. ಅದರಲ್ಲೇ ತೆಳ್ಳಗಿನದು ಒಂದು, ಮಂದದ್ದು ಒಂದು, ಬಾಗುವಂಥದ್ದು ಇನ್ನೊಂದು. ಅದನ್ನು ಗಟ್ಟಿ ಮಾಡಲು ನೇರಳೆ ಬೆಳಕಿನ ಟಾರ್ಚು ಬೇರೆ. ಹುಡುಗನ ತಿಂಗಳ ಕೈಕಾಸು ಅಲ್ಲಿಗೇ ಮುಗಿಯುತ್ತದೆ.

ಇಷ್ಟೆಲ್ಲ ಬೇಕೇ? ಬೇಡ. ಬಾಟಲಿಯ ಮೇಲಿನ ಹೆಸರು ಓದುವ ಮೊದಲು ಅಂಟಿನಿಂದ ಆಗಬೇಕಾದ ಕೆಲಸ ಯಾವುದು ಎಂದು ಕೇಳಿಕೊಂಡರೆ ಅರ್ಧ ಖರ್ಚು ತಾನಾಗಿ ಇಳಿಯುತ್ತದೆ. ಕಟ್ಟಿದ ದಾರ ಬಿಚ್ಚದಂತೆ ಹಿಡಿದಿಡುವುದು ಒಂದು ಕೆಲಸ. ದಪ್ಪನೆಯ ಪಾರದರ್ಶಕ ಮೈ ಕೊಡುವುದು ಇನ್ನೊಂದು. ಬರೀ ಹೊಳಪು ಕೊಡುವುದು ಬೇರೆಯೇ ಮಾತು. ಈ ಮೂರಕ್ಕೂ ಒಂದೇ ದುಬಾರಿ ರಾಳವನ್ನು ಸುರಿಯುವುದು ಬೀದಿ ಗುಡಿಸಲು ರೇಷ್ಮೆ ಸೀರೆ ಉಟ್ಟ ಹಾಗೆ.

ದಾರದ ವಿಷಯ ಮೊದಲು. ಫ್ಲೈನ ತಲೆಯ ಬಳಿ ಕೊನೆಗೆ ಹಾಕುವ ಗಂಟಿಗೆ ವಿಪ್ ಫಿನಿಶ್ ಎನ್ನುತ್ತಾರೆ. ದಾರವನ್ನು ಅದರ ಮೇಲೇ ನಾಲ್ಕೈದು ಸುತ್ತು ಸುತ್ತಿ, ತುದಿಯನ್ನು ಅಡಿಯಿಂದ ಎಳೆಯುವ ಗಂಟು. ಇದನ್ನು ಸರಿಯಾಗಿ ಹಾಕಿದರೆ ಅಂಟೇ ಇಲ್ಲದೆಯೂ ಫ್ಲೈ ನಿಲ್ಲುತ್ತದೆ. ಅಂಟು ಇಲ್ಲಿ ಕಾವಲುಗಾರ ಮಾತ್ರ. ಕಲಿಯುವ ಮಕ್ಕಳು ಗಂಟು ಸಡಿಲ ಬಿಟ್ಟು ಮೇಲೆ ದಪ್ಪ ಅಂಟು ಹಚ್ಚುತ್ತಾರೆ. ಎರಡನೇ ಮೀನಿಗೆ ಅಂಟೂ ಹೋಗುತ್ತದೆ, ಗಂಟೂ ಹೋಗುತ್ತದೆ.

ಹಿಂದೆ ಈ ಕಾವಲಿಗೆ ಬಳಕೆಯಲ್ಲಿದ್ದವುಗಳಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಶೆಲ್ಯಾಕ್ ವಾರ್ನಿಶ್ ಒಂದು. ಶೆಲ್ಯಾಕ್ ಎಂದರೆ ಬೇರೇನೂ ಅಲ್ಲ, ನಮ್ಮ ಅರಗು. ಮರದ ಕೊಂಬೆಗೆ ಅಂಟಿಕೊಂಡ ಪುಟ್ಟ ಕೀಟಗಳು ಸ್ರವಿಸುವ, ಭಾರತದಿಂದ ಹಡಗು ಹತ್ತಿ ವಿಲಾಯಿತಿಗೆ ಹೋಗುತ್ತಿದ್ದ ರಾಳ. ಚನ್ನಪಟ್ಟಣದ ಗೊಂಬೆಯ ಮೇಲೆ ಮಿನುಗುವುದೂ ಇದೇ ಅರಗು. ಚನ್ನಪಟ್ಟಣದವರು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ, ಆ ತಿಕ್ಕಾಟದ ಬಿಸಿಯಲ್ಲಿ ಕರಗಿಸಿ ಹಚ್ಚುತ್ತಾರೆ. ಅಲ್ಲಿಯವರು ಅದನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ ಸೂಜಿ ತುದಿಯಲ್ಲಿ ಇಡುತ್ತಿದ್ದರು. ಅರಗಿಗೆ ಒಂದೇ ಒಂದು ದೋಷ: ನೀರಿನಲ್ಲಿ ಬಹಳ ಹೊತ್ತು ನೆನೆದರೆ ಬೆಳ್ಳಗೆ ಮಬ್ಬಾಗುತ್ತದೆ. ಗೊಂಬೆಗೆ ಅದು ಚಿಂತೆಯಲ್ಲ, ದಿನವಿಡೀ ನೀರಿನಲ್ಲಿ ಇರುವ ಫ್ಲೈಗೆ ಚಿಂತೆಯೇ.

ಈಗ ಆ ಜಾಗಕ್ಕೆ ಬಹು ಮಂದಿ ಬಳಸುವುದು ಬಣ್ಣವಿಲ್ಲದ ನೇಲ್ ಪಾಲಿಶ್! ನಗುವ ಮಾತಲ್ಲ. ಅಮೆರಿಕದ ಫ್ಲೈ ಕಟ್ಟುವವರಲ್ಲಿ ಸ್ಯಾಲಿ ಹ್ಯಾನ್ಸನ್ ಕಂಪನಿಯ 'ಹಾರ್ಡ್ ಆ್ಯಸ್ ನೇಲ್ಸ್' ಎಂಬ ಪಾಲಿಶ್ ಹೆಸರುವಾಸಿ. ಅದರಲ್ಲಿ ಇರುವುದು ಮುಖ್ಯವಾಗಿ ನೈಟ್ರೊಸೆಲ್ಯುಲೋಸ್ ಎಂಬ ಪದಾರ್ಥ ಮತ್ತು ಅದನ್ನು ಕರಗಿಸಿ ಹಿಡಿದಿರುವ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ಗಳಂಥ ದ್ರಾವಕಗಳು. ದ್ರಾವಕ ಆರಿಹೋದಂತೆ ಪದರ ಉಳಿಯುತ್ತದೆ. ಆರುವಾಗ ಕುಗ್ಗುವುದರಿಂದ ಒಂದು ದಪ್ಪ ಪದರಕ್ಕಿಂತ ಎರಡು ಮೂರು ತೆಳುಪದರ ಮೇಲು. ಮೊದಲನೆಯದು ತೆಳ್ಳಗಿದ್ದಷ್ಟೂ ದಾರದ ಎಳೆಗಳ ಒಳಕ್ಕೆ ಇಳಿಯುತ್ತದೆ. ಬಾಟಲಿಯ ಕುಂಚವನ್ನು ಹಾಗೆಯೇ ತಲೆಗೆ ಒತ್ತಬಾರದು, ಸೂಜಿಯ ತುದಿಯಿಂದ ಒಂದು ಹನಿ ಸಾಕು. ಹೆಚ್ಚಾಗಿ ಗಾಳದ ಕಣ್ಣು ಮುಚ್ಚಿಕೊಂಡರೆ, ಬೆಳಗಿನ ಜಾವ ನದಿಯ ದಡದಲ್ಲಿ ದಾರ ಪೋಣಿಸಲು ಹೋದವನಿಗೆ ಅದು ಗೊತ್ತಾಗುತ್ತದೆ. ಹಸಿ ಇರುವಾಗಲೇ ಒಂದು ಗರಿಯ ದಂಟನ್ನು ಕಣ್ಣಿನಲ್ಲಿ ತೂರಿಸಿ ಎಳೆದರೆ ಆ ಪೇಚಾಟ ಇಲ್ಲ. ವಾಸನೆ ಆಗದವರ ಮನೆಯಲ್ಲಿ, ಮರಗೆಲಸಕ್ಕೆ ಸಿಗುವ ನೀರು ಮಿಶ್ರಿತ ವಾರ್ನಿಶ್ ಕೂಡ ಇದೇ ಕೆಲಸ ಮಾಡುತ್ತದೆ. ಆರಲು ತುಸು ಹೆಚ್ಚು ಹೊತ್ತು ಬೇಕು, ಅಷ್ಟೆ.

ಫೆವಿಕ್ವಿಕ್ ತರಹದ ಕ್ಷಣದಂಟಿನ ಆಸೆ ಎಲ್ಲರಿಗೂ ಬರುತ್ತದೆ. ಗಾಳದ ಮೇಲೆ ಮೊದಲ ದಾರ ಜಾರದಂತೆ ಹಿಡಿಯಲು ಅದು ಒಳ್ಳೆಯದೇ. ಮೇಲಿನ ಹೊಳಪಿಗೆ ಮಾತ್ರ ಬೇಡ. ಒಣಗಿದಾಗ ಪೆಡಸಾಗುತ್ತದೆ, ಸುತ್ತ ಬಿಳಿಯ ಹುಡಿ ಕೂರುತ್ತದೆ, ಗರಿಯೊಳಕ್ಕೆ ಹರಿದು ಅದನ್ನು ಕಡ್ಡಿ ಮಾಡಿಬಿಡುತ್ತದೆ.

ಇನ್ನು ಮೈ ಕೊಡುವ ಕೆಲಸ. ಎಪಾಕ್ಸಿಯ ನಿಜವಾದ ರಾಜ್ಯ ಇದು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್‌ಲೀ ಇಬ್ಬರೂ ಬೇರೆಬೇರೆಯಾಗಿ ಇದರ ರಸಾಯನದ ಮೇಲೆ ದುಡಿದರು. ನಮ್ಮ ಮನೆಮನೆಗೂ ಗೊತ್ತಿರುವ ಅರಾಲ್ಡೈಟ್ 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಿಂದ ಹೊರಬಂತು. ಎರಡು ಟ್ಯೂಬು: ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಗಾಳದಂಗಡಿಯ ಚೀಟಿ ಅಂಟಿಸಿಕೊಂಡ ಪುಟ್ಟ ಎಪಾಕ್ಸಿಯೂ ಹಾರ್ಡ್‌ವೇರ್ ಅಂಗಡಿಯ ಸ್ವಚ್ಛ ಎಪಾಕ್ಸಿಯೂ ಜಾತಿಯಲ್ಲಿ ಒಂದೇ. ವ್ಯತ್ಯಾಸ ಇರುವುದು ಎಷ್ಟು ಬೇಗ ಗಟ್ಟಿಯಾಗುತ್ತದೆ, ಎಷ್ಟು ತೆಳ್ಳಗಿದೆ, ಎಷ್ಟು ತಿಳಿಯಾಗಿದೆ ಎನ್ನುವುದರಲ್ಲಿ.

ಇಲ್ಲಿ ಪಿಯುಸಿಯ ರಸಾಯನಶಾಸ್ತ್ರ ನೇರವಾಗಿ ಕೆಲಸಕ್ಕೆ ಬರುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಒಂದು ಪಾಲು ಹೆಚ್ಚು ಹಾಕುವ ಚಪಲ ಬಹಳ ಮಂದಿಗೆ. ಮೊಸರಿಗೆ ಹೆಪ್ಪು ಹಾಕುವ ಲೆಕ್ಕ ಇದಲ್ಲ. ಎಪಾಕ್ಸಿಯಲ್ಲಿ ಹಾರ್ಡನರ್ ಬರೀ ಚಾಲಕನಲ್ಲ, ಅದೂ ಕಟ್ಟಡದ ಇಟ್ಟಿಗೆಯೇ. ರೆಸಿನ್ನಿನ ಪ್ರತಿ ಕೊಂಡಿಗೂ ಹಾರ್ಡನರಿನ ಒಂದು ಕೊಂಡಿ ಜೋಡಿಯಾಗಬೇಕು. ಯಾವುದು ಹೆಚ್ಚಾದರೂ ಜೋಡಿ ಸಿಗದೆ ಉಳಿದದ್ದು ಒಳಗೇ ಜಿಗುಟಾಗಿ ಕುಳಿತಿರುತ್ತದೆ, ಎಷ್ಟು ದಿನ ಕಾದರೂ ಗಟ್ಟಿಯಾಗದು. ಚೀಟಿಯ ಮೇಲೆ ಸಮಸಮ ಎಂದಿದ್ದರೆ ಸಮಸಮವೇ. ಮೂರು ಹನಿ ಬೇಕಾದಾಗ ಕಣ್ಣಳತೆ ತಪ್ಪುತ್ತದೆ, ಆದ್ದರಿಂದ ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು, ಒಂದೊಂದಕ್ಕೂ ಗುರುತು ಮಾಡಿ ಇಟ್ಟುಕೊಳ್ಳುವುದು ಕ್ಷೇಮ. ಬೇಗ ಬೇಕೆಂದರೆ ತುಸು ಬೆಚ್ಚಗಿನ ಕೋಣೆಯಲ್ಲಿ ಕೂರಬೇಕು. ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ ಎಂಬ ಪಾಠ ಓದಿದವರಿಗೆ ಇದು ಹೊಸದಲ್ಲ. ಕಲಸಿದ್ದನ್ನು ಬಟ್ಟಲಲ್ಲಿ ರಾಶಿ ಹಾಕಿಟ್ಟರೆ ಅದರದ್ದೇ ಬಿಸಿಗೆ ಅದು ಬೇಗ ಹೆಪ್ಪುಗಟ್ಟುತ್ತದೆ. ಹಾಳೆಯ ಮೇಲೆ ತೆಳ್ಳಗೆ ಹರಡಿದರೆ ಇನ್ನೆರಡು ನಿಮಿಷ ಸಿಗುತ್ತದೆ.

ಐದು ನಿಮಿಷದ ಎಪಾಕ್ಸಿ ಒಂದು ಸಲಕ್ಕೆ ಎರಡು ಮೂರು ಫ್ಲೈಗೆ ಸಾಕಾಗುತ್ತದೆ, ಆಮೇಲೆ ನೂಲು ಬಿಡುತ್ತದೆ. ಬಿಸಿಲಿಗೆ ಬೇಗ ಹಳದಿಯಾಗುವುದೂ ಇದೇ. ನಿಧಾನದ್ದು ತಿಳಿಯಾಗಿರುತ್ತದೆ, ನುಣುಪಾಗಿ ಕೂರುತ್ತದೆ. ಆದರೆ ಗಟ್ಟಿಯಾಗುವವರೆಗೆ ಫ್ಲೈಯನ್ನು ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಹೊಟ್ಟೆ ಜೋತುಬೀಳುತ್ತದೆ. ಗಾಳದ ಕೋಲಿಗೆ ದಾರ ಸುತ್ತಿದ ಮೇಲೆ ಬಳಿಯುವ ಎಪಾಕ್ಸಿ ಈ ಜಾತಿಯದು. ಗುಂಪಾಗಿ ಕಟ್ಟುವವರಿಗೆ ಇದೇ ಲಾಭ. ತಿರುಗಿಸಲು ಅಂಗಡಿಯ ಯಂತ್ರವೇ ಬೇಕಿಲ್ಲ. ಬ್ಯಾಟರಿಯಲ್ಲಿ ನಿಧಾನ ತಿರುಗುವ ಪುಟ್ಟ ಮೋಟರಿಗೆ ಥರ್ಮೋಕೋಲಿನ ಬಿಲ್ಲೆ ಸಿಕ್ಕಿಸಿ, ಅದರ ಅಂಚಿಗೆ ಗಾಳಗಳನ್ನು ಚುಚ್ಚಿದರೆ ಆಯಿತು. ಹಳೆಯ ಮೈಕ್ರೋವೇವ್ ಒಲೆಯ ಮೋಟರು ಕಿತ್ತು ಮಾಡುವವರೂ ಇದ್ದಾರೆ. ಆ ಒಲೆಯೊಳಗೆ ಪ್ಲಗ್ ತೆಗೆದ ಮೇಲೂ ಪ್ರಾಣಾಂತಿಕ ವಿದ್ಯುತ್ತು ಉಳಿದಿರಬಹುದಾದ್ದರಿಂದ ಮಕ್ಕಳು ಅದಕ್ಕೆ ಕೈಹಾಕುವುದು ಖಂಡಿತ ಬೇಡ.

ಎಪಾಕ್ಸಿಯ ಕಾಯುವಿಕೆ ಬೇಸರವಾಗಿಯೇ ಯುವಿ ರಾಳ ಬಂತು. ನೇರಳಾತೀತ ಬೆಳಕು ಬಿದ್ದೊಡನೆ ಕೆಲವೇ ಸೆಕೆಂಡಿನಲ್ಲಿ ಕಲ್ಲಾಗುವ ಅಕ್ರಿಲೇಟ್ ದ್ರವ ಅದು. ಪಾಪೊವಿಕ್ಸ್ ಕೂಡ ಮುಂದೆ ಇದಕ್ಕೇ ಒಲಿದ. ಇಲ್ಲಿ ದುಬಾರಿಯದಕ್ಕೂ ಅಗ್ಗದ್ದಕ್ಕೂ ಇರುವ ಮುಖ್ಯ ಭೇದ ಮೇಲ್ಮೈಯ ಜಿಗುಟು. ಗಾಳಿಯ ಆಮ್ಲಜನಕ ಮೇಲಿನ ಪದರದಲ್ಲಿ ಕ್ರಿಯೆಯನ್ನು ತಡೆಯುತ್ತದೆ. ಆಳದಲ್ಲಿ ಗಟ್ಟಿಯಾದರೂ ಮೇಲೆ ಅಂಟಂಟು ಉಳಿಯುತ್ತದೆ. ದುಬಾರಿ ಬಾಟಲಿಗಳು ಇದನ್ನು ಗೆದ್ದಿರುವುದಾಗಿ ಹೇಳಿಕೊಳ್ಳುತ್ತವೆ, ಕೆಲವು ನಿಜಕ್ಕೂ ಗೆದ್ದಿವೆ. ಆದರೆ ಆಭರಣದ ಕರಕುಶಲಕ್ಕೆ ಸಿಗುವ ರಾಳವನ್ನೋ, ಸರ್ಫ್ ಹಲಗೆ ರಿಪೇರಿಯಿಂದ ಬಂದ ಸೋಲಾರೆಜ್ ರಾಳವನ್ನೋ ತೆಳುಪದರಗಳಲ್ಲಿ ಹಚ್ಚಿ, ಪ್ರತಿ ಪದರಕ್ಕೂ ಬೆಳಕು ಹಿಡಿದು, ಉಳಿದ ಜಿಗುಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೇಲೊಂದು ಕೈ ನೇಲ್ ಪಾಲಿಶ್ ಹಚ್ಚಿದರೆ ಜಿಗುಟು ಹೋಗುತ್ತದೆ, ಹೊಳಪು ಬರುತ್ತದೆ. ಟಾರ್ಚೇ ಇಲ್ಲದಿದ್ದರೆ ಬಿಸಿಲಿದೆ. ಮೋಡದ ದಿನ ತಡವಾಗುತ್ತದೆ, ಅಷ್ಟೆ. ಬಾಟಲಿಯನ್ನು ಮಾತ್ರ ಕಿಟಕಿಯ ಬಳಿ ಇಡಬಾರದು, ಒಳಗಿದ್ದಂತೆಯೇ ಕಲ್ಲಾಗುತ್ತದೆ.

ಪಾಪೊವಿಕ್ಸ್‌ನ ಇನ್ನೊಂದು ಉಪಾಯ ಇನ್ನೂ ಅಗ್ಗ. ಬಚ್ಚಲಿನ ಸಂದಿಗೆ ತುಂಬುವ ಪಾರದರ್ಶಕ ಸಿಲಿಕೋನನ್ನು ಆತ ಉಣ್ಣೆಯ ತಲೆಗೆ ಸವರಿದ. ಸಿಲಿಕೋನು ಬೆರಳಿಗೆ ಅಂಟದೆ ನುಣುಪಾಗಲೆಂದು, ಫೋಟೋ ತೊಳೆಯುವವರು ಬಳಸುತ್ತಿದ್ದ ಕೊಡ್ಯಾಕ್ ಫೋಟೋ-ಫ್ಲೋ ದ್ರವದಲ್ಲಿ ಬೆರಳು ಅದ್ದಿಕೊಂಡ. 'ಸಿಲಿಕ್ಲೋನ್' ಎಂಬ ಆ ಫ್ಲೈನ ತಲೆ ಮೆತ್ತಗೆ, ರಬ್ಬರಿನಂತೆ. ಗಟ್ಟಿ ಮೈಯೇ ಬೇಕೆಂಬ ಹಟ ಇಲ್ಲದಿದ್ದರೆ ಒಂದು ಟ್ಯೂಬು ವರ್ಷಗಟ್ಟಲೆ ಬರುತ್ತದೆ.

ಬರೀ ಹೊಳಪಿನ ಮಾತಿಗೆ ಬಂದರೆ, ಹಳೆಯ ಸಾಲ್ಮನ್ ಫ್ಲೈಗಳ ಕೆನ್ನೆಯ ಮೇಲೆ ಮೇಣದ ಹನಿಯಂತೆ ಮಿನುಗುವ ಒಂದು ಗರಿ ಇರುತ್ತಿತ್ತು. ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯ ಕುತ್ತಿಗೆಯ ಗರಿ. ಯಾರೂ ಬಳಿಯದೆ ಬಂದ ಎನಾಮೆಲ್ಲು! ಆ ಹಕ್ಕಿಗಳನ್ನು ಇದಕ್ಕಾಗಿ ಬೇಟೆಯಾಡಿದ ಕಾಲ ಇತ್ತು. 1902ರಲ್ಲಿಯೇ ಗರಿಗಳ ರಫ್ತಿಗೆ ಬ್ರಿಟಿಷ್ ಸರಕಾರ ತಡೆ ಹಾಕಿತು, 1972ರ ವನ್ಯಜೀವಿ ಕಾಯಿದೆ ಹಕ್ಕಿಗೇ ರಕ್ಷಣೆ ಕೊಟ್ಟಿತು. ಇಂದು ಬಿಳಿ ಬಣ್ಣದ ಒಂದು ಚುಕ್ಕೆ, ಮೇಲೊಂದು ಹನಿ ಪಾಲಿಶ್ ಇಟ್ಟರೆ ಕಣ್ಣಿಗೆ ಹೆಚ್ಚು ಭೇದವಿಲ್ಲ. ದುಬಾರಿ ರಾಳ ಇಲ್ಲಿ ಪೂರಾ ವ್ಯರ್ಥ. ನೀರಿನ ಮೇಲೆ ತೇಲಬೇಕಾದ ಒಣ ಫ್ಲೈಗಂತೂ ಭಾರ ಹೆಚ್ಚಿಸುವ ಯಾವ ರಾಳವೂ ಬೇಡ.

ಇಷ್ಟರವರೆಗೆ ಉಳಿತಾಯದ ಮಾತು. ಉಳಿಸಬಾರದ ಒಂದು ಕಡೆ ಇದೆ, ಅದನ್ನು ತಂದೆತಾಯಿ ಗಮನವಿಟ್ಟು ಓದಬೇಕು.

ಎಪಾಕ್ಸಿಯಾಗಲಿ ಯುವಿ ರಾಳವಾಗಲಿ ಗಟ್ಟಿಯಾದ ಮೇಲೆ ಸಾಧು. ಹಸಿಯಾಗಿರುವಾಗ ಚರ್ಮಕ್ಕೆ ಮತ್ತೆಮತ್ತೆ ತಾಗಿದರೆ ಕೆಲವರಲ್ಲಿ ಅಲರ್ಜಿ ಹುಟ್ಟುತ್ತದೆ. ಮೊದಲ ತಿಂಗಳು ಏನೂ ಆಗಲಿಲ್ಲ ಎಂಬುದು ಇಲ್ಲಿ ಧೈರ್ಯವಲ್ಲ, ಏಕೆಂದರೆ ದೇಹ ಅದನ್ನು ಗುರುತಿಸಿಟ್ಟುಕೊಳ್ಳುವುದೇ ಪದೇಪದೇ ತಾಗಿದ ಮೇಲೆ. ಒಮ್ಮೆ ಗುರುತಿಸಿತೆಂದರೆ ಸಾಮಾನ್ಯವಾಗಿ ಅದು ಜೀವನಪೂರ್ತಿ. ನೇಲ್ ಜೆಲ್‌ಗಳಲ್ಲಿರುವ ಮೆಥಾಕ್ರಿಲೇಟ್‌ಗಳ ಅಲರ್ಜಿಯ ಬಗ್ಗೆ ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಎಚ್ಚರಿಸಿತ್ತು. ಇದು ಬೆರಳ ತುರಿಕೆಗೆ ಮುಗಿಯುವ ವಿಷಯವಲ್ಲ. ಹಲ್ಲಿಗೆ ತುಂಬುವ ರಾಳ, ಮೂಳೆ ಶಸ್ತ್ರಕ್ರಿಯೆಯ ಸಿಮೆಂಟು, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಯಂತ್ರಗಳ ಅಂಟು ಇವೆಲ್ಲ ಅಕ್ರಿಲೇಟಿನ ಬಳಗವೇ. ದಂತವೈದ್ಯೆಯಾಗಬೇಕೆಂದಿರುವ ಹುಡುಗಿ ಹದಿನಾರನೇ ವಯಸ್ಸಿಗೆ ಈ ಅಲರ್ಜಿ ಹತ್ತಿಸಿಕೊಂಡರೆ ಆಕೆ ಮುಂದೆ ದಿನವೂ ಮುಟ್ಟಬೇಕಾದ ವಸ್ತುವಿಗೇ ಅಂಜಬೇಕಾಗುತ್ತದೆ.

ಆದ್ದರಿಂದ ನೈಟ್ರೈಲ್ ಗ್ಲೌಸ್ ಬೇಕೇ ಬೇಕು, ರಾಳ ತಾಗಿದೊಡನೆ ಅದನ್ನು ಬದಲಿಸಬೇಕು. ಕೈಗೆ ಮೆತ್ತಿದರೆ ಸ್ಪಿರಿಟ್ಟಿನಿಂದ ಒರೆಸಬಾರದು, ಅದು ರಾಳವನ್ನು ತೆಳ್ಳಗೆ ಮಾಡಿ ಚರ್ಮಕ್ಕೆ ಇನ್ನಷ್ಟು ಹರಡುತ್ತದೆ. ಸಾಬೂನು ನೀರೇ ಸರಿ. ಅಗ್ಗವೆಂದು ನೇಲ್ ಜೆಲ್ ಕೊಳ್ಳುವವರು ಅದರ ಪಟ್ಟಿ ಓದಬೇಕು. ಬೆಳಕಿಗೆ ಗಟ್ಟಿಯಾಗಲು ಅದರಲ್ಲಿ ಸೇರಿಸುತ್ತಿದ್ದ ಟಿಪಿಓ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿದೆ. ಯುವಿ ಟಾರ್ಚನ್ನು ನೇರ ನೋಡಬಾರದು, ಗಾಳದ ಲೋಹದಿಂದ ಚಿಮ್ಮುವ ಬೆಳಕೂ ಬೆಳಕೇ. ಕ್ಷಣದಂಟು ಹತ್ತಿ ಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ, ಹತ್ತಿಯ ಗ್ಲೌಸ್ ಹಾಕಿಕೊಂಡು ಅದನ್ನು ಮುಟ್ಟಬಾರದು. ಶೂ ಅಂಟನ್ನು ಟಾಲ್ವೀನ್‌ನಲ್ಲಿ ತೆಳ್ಳಗೆ ಮಾಡಿಕೊಂಡು ಬಳಸುವ ಹಳೆಯ ಪದ್ಧತಿಯೊಂದಿದೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಓದುವ ಮೇಜಿನ ಮೇಲೆ ಟಾಲ್ವೀನ್ ತೆರೆದಿಡುವುದಕ್ಕೆ ಯಾವ ಮನೆಯಲ್ಲೂ ಒಪ್ಪಿಗೆ ಸಿಗಬಾರದು.

ಹಾಗಾದರೆ ಹೊಸಬ ಮೊದಲು ಏನು ಕೊಳ್ಳಬೇಕು? ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು, ಒಂದು ಪೆಟ್ಟಿಗೆ ನೈಟ್ರೈಲ್ ಗ್ಲೌಸ್. ಮೊದಲ ಐವತ್ತು ಫ್ಲೈಗೆ ಇಷ್ಟೇ ಸಾಕು. ಕೈ ಕುದುರಿ, ಮರಿಮೀನಿನ ಮೈ ಮಾಡುವ ಆಸೆ ಬಂದಾಗ ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ. ಯುವಿ ರಾಳವನ್ನು ಹುಟ್ಟುಹಬ್ಬಕ್ಕೆ ಬಿಡಬಹುದು.

ನೇಲ್ ಪಾಲಿಶ್ ಮನೆಯಲ್ಲಿ ಆಗಲೇ ಇದ್ದರೂ ಕೇಳದೆ ತೆಗೆಯಬಾರದು. ಬಾಟಲಿಯ ಬಾಯಿಗೆ ಕೋಳಿಯ ಪುಕ್ಕ ಅಂಟಿಸಿ ತಿರುಗಿ ಅಲ್ಲೇ ಇಟ್ಟದ್ದನ್ನು ಅಕ್ಕ ಕಂಡುಹಿಡಿಯದೆ ಇರುವುದಿಲ್ಲ.